ಜನವಿಲ್ಲದ ಊರಿಗೆ ಇಬ್ಬರು ಸದಸ್ಯರು

ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯಲ್ಲಿ, ಸಾಲ್ಸ್‌ಬರಿ ಪಟ್ಟಣದಿಂದ ಉತ್ತರಕ್ಕೆ ಎರಡು ಮೈಲಿ ನಡೆದರೆ ಹುಲ್ಲು ಮುಚ್ಚಿದ ದೊಡ್ಡ ದಿಬ್ಬವೊಂದು ಎದುರಾಗುತ್ತದೆ. ಸುತ್ತ ಆಳವಾದ ಕಂದಕ, ನೆತ್ತಿಯ ಮೇಲೆ ಕೋಟೆಯ ಮುರುಕು ಗೋಡೆ, ಒಂದು ಮಗ್ಗುಲಲ್ಲಿ ಚರ್ಚಿನ ತಳಪಾಯದ ಗುರುತು. ಹೆಸರು ಓಲ್ಡ್ ಸಾರಮ್. 1832ರವರೆಗೂ ಈ ದಿಬ್ಬ ಬ್ರಿಟನ್ನಿನ ಕೆಳಮನೆಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಅದೇ ಹೊತ್ತಿಗೆ ಲಕ್ಷಕ್ಕೂ ಮೀರಿ ಜನರಿದ್ದ, ಹತ್ತಿ ಗಿರಣಿಗಳ ಹೊಗೆ ಕವಿದಿದ್ದ ಮ್ಯಾಂಚೆಸ್ಟರಿಗೆ ತನ್ನದೆನ್ನುವ ಒಬ್ಬ ಸದಸ್ಯನೂ ಇರಲಿಲ್ಲ.

ಇಷ್ಟು ಹೇಳಿದರೆ ಸಾಕು, ಕೇಳುವವರು ತಲೆಯಾಡಿಸಿ, "ಓಹೋ, ಲಂಚ ಕೊಟ್ಟು ಗೆಲ್ಲುತ್ತಿದ್ದರು" ಅಂದುಬಿಡುತ್ತಾರೆ. ಓಲ್ಡ್ ಸಾರಮ್‌ನಲ್ಲಿ ಲಂಚ ಕೊಡಬೇಕಾದ ಪ್ರಮೇಯವೇ ಇರಲಿಲ್ಲ. ಯಾಕೆ ಎಂಬುದು ಈ ಅಧ್ಯಾಯದ ತಿರುಳು. ಅದಕ್ಕೆ ಮುಂಚೆ ಎರಡು ಮಾತಿನ ಪೀಠಿಕೆ.

ಹಳೆಯ ಇಂಗ್ಲೆಂಡಿನಲ್ಲಿ ಕ್ಷೇತ್ರಗಳು ಮುಖ್ಯವಾಗಿ ಎರಡು ಬಗೆ. ಒಂದು ಕೌಂಟಿ, ಅಂದರೆ ಜಿಲ್ಲೆ. ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವಳಿಯ ಸ್ವಂತ ಜಮೀನಿದ್ದವನಿಗೆ ಅಲ್ಲಿ ಮತ. ಇನ್ನೊಂದು ಬರೋ, ಸದಸ್ಯರನ್ನು ಕಳಿಸಿ ಎಂದು ಅರಸನ ಆಜ್ಞಾಪತ್ರ ಬರುತ್ತಿದ್ದ ಪಟ್ಟಣ. ಮತ ಯಾರದು ಎಂಬುದಕ್ಕೆ ಬರೋಗಳಲ್ಲಿ ಒಂದೇ ನಿಯಮ ಇರಲಿಲ್ಲ. ಒಂದು ಊರಲ್ಲಿ ಸ್ವಂತ ಒಲೆ ಹೊತ್ತಿಸಿ ಅಡುಗೆ ಮಾಡಿಕೊಳ್ಳುವ ಪ್ರತಿ ಮನೆಯ ಯಜಮಾನನಿಗೂ ಮತ. ಮತ್ತೊಂದರಲ್ಲಿ ಪುರಸಭೆಯ ಹತ್ತಿಪ್ಪತ್ತು ಜನಕ್ಕೆ ಮಾತ್ರ. ಇನ್ನೂ ಕೆಲವೆಡೆ ಬರ್ಗೇಜ್ ಎಂಬ ನಿವೇಶನಗಳ ಒಡೆಯರಿಗೆ. ಓಲ್ಡ್ ಸಾರಮ್ ಈ ಕೊನೆಯ ಗುಂಪಿಗೆ ಸೇರಿದ್ದು.

ಬರ್ಗೇಜ್ ಎಂದರೆ ಪಟ್ಟಣ ಕಟ್ಟುವಾಗ ಅಳೆದು ಹಂಚಿದ, ಇಂತಿಷ್ಟು ಬಾಡಿಗೆ ಎಂದು ಗೊತ್ತುಮಾಡಿದ ನಿವೇಶನ. ಮೊದಮೊದಲು ಅಲ್ಲಿ ಮನೆ ಇರುತ್ತಿತ್ತು, ಮನೆಯಲ್ಲಿ ಮನುಷ್ಯ ಇರುತ್ತಿದ್ದ, ಅವನಿಗೆ ಮತ ಇತ್ತು. ಕಾಲಾಂತರದಲ್ಲಿ ಮನುಷ್ಯ ಹೋದ, ಮನೆ ಬಿತ್ತು, ನೆಲವನ್ನು ಉತ್ತರು. ಮತ ಮಾತ್ರ ಆ ನೆಲಕ್ಕೆ ಅಂಟಿಕೊಂಡೇ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಹೊಲ ಮಾರಿದರೆ ಕೂಡುಬಾವಿಯ ನೀರಿನ ಪಾಲೂ ಕ್ರಯಪತ್ರದಲ್ಲೇ ಹೊಸ ಒಡೆಯನಿಗೆ ಹೋಗುತ್ತದಲ್ಲ, ಇದೂ ಹಾಗೆಯೇ. ಕೊಂಡವನು ಆ ಊರಲ್ಲಿ ವಾಸವಿರಬೇಕೆಂದಿಲ್ಲ. ಒಬ್ಬನೇ ಎಲ್ಲ ನಿವೇಶನಗಳನ್ನೂ ಕೊಂಡರೆ ಕ್ಷೇತ್ರವೇ ಅವನದು.

ಇಲ್ಲಿ ಒಂದು ತೊಡಕು. ಒಬ್ಬ ಮನುಷ್ಯನಿಗೆ ಒಂದೇ ಮತ. ಹತ್ತು ನಿವೇಶನ ಕೈಲಿದ್ದರೂ ಒಡೆಯ ಹತ್ತು ಸಲ ಕೈಯೆತ್ತುವಂತಿಲ್ಲ. ಅದಕ್ಕೆ ವಕೀಲರು ಕಂಡುಕೊಂಡ ದಾರಿ ಸೊಗಸಾಗಿದೆ. ಚುನಾವಣೆ ಹತ್ತಿರ ಬಂದಾಗ ಒಡೆಯ ಒಂದೊಂದು ನಿವೇಶನವನ್ನು ತನ್ನ ನಂಟ, ಗುಮಾಸ್ತ, ಪಾದ್ರಿ, ಒಕ್ಕಲು, ಹೀಗೆ ನಂಬಿಕಸ್ತರ ಹೆಸರಿಗೆ ಬರೆದುಕೊಡುತ್ತಿದ್ದ. ಅವರು ಪತ್ರ ಹಿಡಿದು ಬಂದು ಮತ ಹಾಕಿ, ಕೆಲಸ ಮುಗಿದ ಮೇಲೆ ನೆಲವನ್ನು ಹಿಂದಕ್ಕೆ ಬರೆದುಕೊಡುತ್ತಿದ್ದರು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಮತವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಹಾಗಾಗಿ ಕೈಕೊಡುವ ಭಯವೂ ಕಡಿಮೆ. ಇಂಥ ಕಡೆ ಮತದಾರನಿಗೆ ಲಂಚ ಕೊಡುವುದೆಂದರೆ ತನ್ನ ಗುಮಾಸ್ತನಿಗೆ ತಾನೇ ಲಂಚ ಕೊಟ್ಟಂತೆ!

ಓಲ್ಡ್ ಸಾರಮ್‌ನಲ್ಲಿ ಮತಗಟ್ಟೆಗೆ ಕಟ್ಟಡವೂ ಇರಲಿಲ್ಲ. ದಿಬ್ಬದ ಬುಡದ ಹೊಲದಲ್ಲಿ ಒಂದು ಎಲ್ಮ್ ಮರ. ಅದರಡಿ ಡೇರೆ ಹೊಡೆಯುತ್ತಿದ್ದರು. ಚುನಾವಣೆ ನಡೆಸುವ ಅಧಿಕಾರಿ ಜಮೀನ್ದಾರ ನೇಮಿಸಿದವನೇ. ಮತದಾರರು ಎಷ್ಟು ಮಂದಿ ಬಂದರೂ ಲೆಕ್ಕಕ್ಕೆ ಎರಡು ಕೈಯ ಬೆರಳು ಸಾಕಾಗುತ್ತಿತ್ತು, ಎಲ್ಲೋ ಒಮ್ಮೆ ಒಂದು ಹೆಚ್ಚಾದರೆ ಹೆಚ್ಚು. ಎದುರಾಳಿ ನಿಲ್ಲುವುದೇ ಅಪರೂಪವಾದ್ದರಿಂದ ಮತ ಎಣಿಸುವ ಸಂದರ್ಭವೂ ಹೆಚ್ಚಾಗಿ ಬರುತ್ತಿರಲಿಲ್ಲ. ಒಳಕ್ಕೆ ಹೋಗಿ ಹೆಸರು ಕೂಗಿ ಹೊರಬಂದರೆ ಸಂಸತ್ ಸದಸ್ಯರಿಬ್ಬರು ತಯಾರು.

ಎರಡನೆಯ ತಪ್ಪು ತಿಳಿವಳಿಕೆ ಇನ್ನೂ ಗಟ್ಟಿಯಾಗಿ ಬೇರೂರಿದೆ. "ಒಂದು ಕಾಲಕ್ಕೆ ದೊಡ್ಡ ಪಟ್ಟಣ, ಆಮೇಲೆ ಜನ ಬಿಟ್ಟುಹೋದರು, ಸಂಸತ್ತು ಗಮನಿಸಲಿಲ್ಲ" ಎನ್ನುವ ಕಥೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಬ್ಬಿಣ ಯುಗದ ಮಣ್ಣಿನ ಕೋಟೆಯ ಒಳಗೆ ನಾರ್ಮನ್ನರು ಅರಮನೆ ಕಟ್ಟಿದರು. 1086ರಲ್ಲಿ ಒಂದನೆಯ ವಿಲಿಯಂ ದೇಶದ ಜಮೀನ್ದಾರರನ್ನೆಲ್ಲ ಇಲ್ಲಿಗೆ ಕರೆಸಿ ನಿಷ್ಠೆಯ ಪ್ರಮಾಣ ಮಾಡಿಸಿದ. 1092ರಲ್ಲಿ ದೊಡ್ಡ ಚರ್ಚು ಪ್ರತಿಷ್ಠೆಯಾಯಿತು, ಕೆಲವೇ ದಿನಗಳಲ್ಲಿ ಬಿರುಗಾಳಿ ಅದಕ್ಕೆ ಪೆಟ್ಟುಕೊಟ್ಟಿತು. ದಿಬ್ಬದ ಮೇಲೆ ನೀರಿಗೆ ತಾಪತ್ರಯ, ಗಾಳಿಯ ಕಾಟ, ಒಂದೇ ಗೋಡೆಯೊಳಗೆ ಸಿಪಾಯಿಗಳಿಗೂ ಪಾದ್ರಿಗಳಿಗೂ ದಿನಬೆಳಗಾದರೆ ಜಟಾಪಟಿ. ಕೊನೆಗೆ ಬಿಷಪ್ ರಿಚರ್ಡ್ ಪೂರ್ ಬೇಸತ್ತು 1220ರಲ್ಲಿ ಕೆಳಗಿನ ಬಯಲಲ್ಲಿ ಹೊಸ ಚರ್ಚಿಗೆ ಅಡಿಗಲ್ಲು ಹಾಕಿಸಿದ. ಅದರ ಸುತ್ತ ಬೆಳೆದದ್ದೇ ಇಂದಿನ ಸಾಲ್ಸ್‌ಬರಿ. ಜನ ಇಳಿದು ಹೋದರು.

ಈಗ ಸಂಸತ್ತಿನ ಕಡೆ ಬನ್ನಿ. ಓಲ್ಡ್ ಸಾರಮ್ ಸದಸ್ಯರನ್ನು ಕಳಿಸಿದ ಮೊದಲ ದಾಖಲೆ 1295ರದು, ಎಡ್ವರ್ಡ್ ಅರಸ ಕರೆದ ಹೆಸರುವಾಸಿ ಸಂಸತ್ತಿಗೆ. ಆಮೇಲೆ ದೀರ್ಘ ಬಿಡುವು. ಬಿಡದೆ ಕಳಿಸತೊಡಗಿದ್ದು 1360ರ ದಶಕದಿಂದ ಈಚೆಗೆ. ಅಷ್ಟರಲ್ಲಿ ಚರ್ಚು ಕೆಳಗಿಳಿದು ನೂರನಲವತ್ತು ವರ್ಷವಾಗಿತ್ತು, ಹಳೆಯ ಚರ್ಚಿನ ಕಲ್ಲನ್ನೂ ಹೊಸದರ ಆವರಣದ ಗೋಡೆಗೆ ಸಾಗಿಸಿಯಾಗಿತ್ತು. ಅಂದರೆ ಊರು ಖಾಲಿಯಾಗುತ್ತಾ ಬಂದ ಮೇಲೆಯೇ ಅದರ ಪ್ರಾತಿನಿಧ್ಯ ಖಾಯಂ ಆದದ್ದು! ಹಾಗಾಗಿ ಇದನ್ನು ಕೆಟ್ಟುಹೋದ ಪ್ರಜಾಪ್ರಭುತ್ವ ಎಂದು ಓದುವುದೇ ತಪ್ಪು ಎನ್ನುವುದು ನನ್ನ ಪಕ್ಷ. ಜನರ ತಲೆ ಎಣಿಸಬೇಕು ಎಂಬ ಯೋಚನೆ ಈ ಏರ್ಪಾಟಿನ ಹುಟ್ಟಿನಲ್ಲೇ ಇರಲಿಲ್ಲ. ಅದು ಜಹಗೀರು, ಬಾಡಿಗೆ, ಹಕ್ಕುಪತ್ರಗಳ ಲೋಕಕ್ಕೆ ಸೇರಿದ್ದು. ಯಾವ ಬರೋದಲ್ಲಿ ಯಾರಿಗೆ ಮತ ಎಂದು ಕೆಳಮನೆ ಕೊನೆಯದಾಗಿ ಕೊಟ್ಟ ತೀರ್ಮಾನವನ್ನು ಮತ್ತೆ ಕೆದಕಬಾರದು ಎಂದು 1729ರ ಕಾಯ್ದೆ ಬೀಗವನ್ನೂ ಜಡಿಯಿತು.

ಈ ಆಸ್ತಿಯ ಕೈಬದಲಿಯ ಕಥೆಯಲ್ಲಿ ಹೆಜ್ಜೆಹೆಜ್ಜೆಗೂ ನಮ್ಮ ದೇಶದ ದುಡ್ಡು ಸಿಗುತ್ತದೆ. 1690ರ ದಶಕದ ಆರಂಭದಲ್ಲಿ ಇದನ್ನು ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಧಿಕ್ಕರಿಸಿ ಕಳ್ಳದಾರಿಯಲ್ಲಿ ಭಾರತದ ವ್ಯಾಪಾರ ಮಾಡಿ ಗಂಟು ಕಟ್ಟಿದವನು. ಅವನನ್ನು ಮಣಿಸಲಾಗದೆ ಕಂಪನಿ ಕಡೆಗೆ ಅವನನ್ನೇ 1698ರಲ್ಲಿ ಮದ್ರಾಸಿನ ಗವರ್ನರ್ ಮಾಡಿತು. ಅಲ್ಲಿದ್ದಾಗ ಕೃಷ್ಣಾ ತೀರದ ಕೊಲ್ಲೂರು ಗಣಿಯ 410 ಕ್ಯಾರಟ್ಟಿನ ವಜ್ರವನ್ನು ಕೊಂಡು, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ 1,35,000 ಪೌಂಡಿಗೆ ಮಾರಿದ. ವಜ್ರದ ದುಡ್ಡಿನಿಂದ ಓಲ್ಡ್ ಸಾರಮ್ ಕೊಂಡ ಎಂದು ಬರೆಯುವವರಿದ್ದಾರೆ. ಇಸವಿ ನೋಡಿದರೆ ಕ್ಷೇತ್ರ ಮೊದಲು, ವಜ್ರ ಆಮೇಲೆ.

ಅವನ ಮೊಮ್ಮಗ ಮುಂದೆ ಪ್ರಧಾನಿಯಾದ ಹಿರಿಯ ವಿಲಿಯಂ ಪಿಟ್. 1734ರಲ್ಲಿ ಅಣ್ಣ ಎರಡು ಕಡೆ ಗೆದ್ದು ಓಲ್ಡ್ ಸಾರಮ್ ಬಿಟ್ಟುಕೊಟ್ಟ, 1735ರಲ್ಲಿ ತಮ್ಮ ಆ ಜಾಗದಲ್ಲಿ ಕೂತ. ಮನೆತನದ ಕ್ಷೇತ್ರದಿಂದಲೇ ಸಂಸತ್ತಿಗೆ ಕಾಲಿಟ್ಟ ಈ ಮನುಷ್ಯ 1766ರಲ್ಲಿ, ಇಂಥ ಬರೋಗಳು ರಾಜ್ಯವ್ಯವಸ್ಥೆಯ ಕೊಳೆತ ಭಾಗ, ಇವು ನೂರು ವರ್ಷ ಬಾಳಲಾರವು ಎಂದು ಸದನದಲ್ಲೇ ನುಡಿದ. ಅರವತ್ತಾರು ವರ್ಷವೂ ಸಾಕಾಯಿತು. ಇನ್ನೂ ಸ್ವಾರಸ್ಯದ ಸದಸ್ಯ ಜಾನ್ ಹಾರ್ನ್ ಟುಕ್. ಸಂಸತ್ ಸುಧಾರಣೆಗಾಗಿ ಕೂಗೆಬ್ಬಿಸಿ, 1794ರಲ್ಲಿ ರಾಜದ್ರೋಹದ ವಿಚಾರಣೆ ಎದುರಿಸಿ ಬಿಡುಗಡೆಯಾದವನು. 1801ರಲ್ಲಿ ಪಿಟ್ ಮನೆತನದ ಲಾರ್ಡ್ ಕ್ಯಾಮಲ್‌ಫರ್ಡ್ ಅವನನ್ನು ಓಲ್ಡ್ ಸಾರಮ್‌ನಿಂದಲೇ ಆರಿಸಿ ಕಳಿಸಿದ. ಟುಕ್ ಹಿಂದೆ ಪಾದ್ರಿಯಾಗಿದ್ದವನಾದ್ದರಿಂದ, ಪಾದ್ರಿಗಳು ಕೆಳಮನೆಯಲ್ಲಿ ಕೂರಬಾರದು ಎಂದು ಅದೇ ವರ್ಷ ಹೊಸ ಕಾಯ್ದೆ ಬಂತು. ಇದ್ದ ಅವಧಿ ಮುಗಿಸಲು ಮಾತ್ರ ಅವನನ್ನು ಬಿಟ್ಟರು.

1802ರಲ್ಲಿ ಕ್ಯಾಮಲ್‌ಫರ್ಡ್ ಇಡೀ ಆಸ್ತಿಯನ್ನು ಕ್ಯಾಲಿಡನ್ನಿನ ಅರ್ಲನಿಗೆ ಮಾರಿದ. ಸಾಮಾನ್ಯವಾಗಿ ಉಲ್ಲೇಖವಾಗುವ ಬೆಲೆ 60,000 ಪೌಂಡು, ಜಮೀನಿನ ಹುಟ್ಟುವಳಿ ಹೆಚ್ಚೆಂದರೆ ವರ್ಷಕ್ಕೆ 700. ಮೂವತ್ತು ವರ್ಷದ ಹುಟ್ಟುವಳಿ ಹಿಡಿದರೂ ನೆಲದ ಬೆಲೆ 21,000 ದಾಟುವುದಿಲ್ಲ. ಉಳಿದದ್ದು ಎರಡು ಕುರ್ಚಿಯ ದರ! ಕ್ಯಾಲಿಡನ್ ಮನೆತನದ ಸಿರಿಯೂ ಭಾರತದಿಂದ ಬಂದದ್ದೇ. ಕೊನೆಯ ಸದಸ್ಯರಿಬ್ಬರೂ ಆ ಅಲೆಗ್ಸಾಂಡರ್ ಕುಟುಂಬದವರು. ಅವರಲ್ಲೊಬ್ಬ ಜೊಸಾಯಸ್ ಡುಪ್ರೆ ಅಲೆಗ್ಸಾಂಡರ್. ಹೈದರಾಲಿ ಮದ್ರಾಸಿನ ಬಾಗಿಲಿಗೆ ಬಂದು 1769ರ ಒಪ್ಪಂದ ಮಾಡಿಸಿಕೊಂಡಾಗ ಅಲ್ಲಿನ ಕೌನ್ಸಿಲಿನಲ್ಲಿದ್ದು, ಮುಂದಿನ ವರ್ಷ ಗವರ್ನರ್ ಆದ ಜೊಸಾಯಸ್ ಡುಪ್ರೆಯ ಹೆಸರೇ ಇವನದು.

ಮತ ಆಸ್ತಿಯಾದ ಮೇಲೆ ಅದನ್ನು ಕಿತ್ತುಕೊಂಡರೆ ಪರಿಹಾರ ಕೊಡಬೇಡವೇ? ಇದು ಹುಡುಗಾಟದ ಪ್ರಶ್ನೆಯಾಗಿರಲಿಲ್ಲ. 1785ರಲ್ಲಿ ಹಿರಿಯ ಪಿಟ್‌ನ ಮಗ ಕಿರಿಯ ಪಿಟ್ 36 ಬರೋಗಳನ್ನು ಹತ್ತು ಲಕ್ಷ ಪೌಂಡಿನ ನಿಧಿಯಿಂದ ಕೊಂಡು ರದ್ದುಮಾಡಲು ಹೊರಟು ಸೋತ. 1800ರಲ್ಲಿ ಐರ್ಲೆಂಡಿನ ಸಂಸತ್ತನ್ನು ಮುಚ್ಚಿದಾಗ ಕಳೆದುಹೋದ ಪ್ರತಿ ಬರೋಗೂ 15,000 ಪೌಂಡು ನಿಜವಾಗಿಯೂ ಕೊಟ್ಟರು. ಆದ್ದರಿಂದ 1831ರ ಮಾರ್ಚ್ 1ರಂದು ಲಾರ್ಡ್ ಜಾನ್ ರಸೆಲ್ ಬಿಡಿಗಾಸಿನ ಪರಿಹಾರವಿಲ್ಲದ ಮಸೂದೆ ಓದಿದಾಗ ಸದನ ತಬ್ಬಿಬ್ಬಾದದ್ದು ಸಹಜ. ಪರದೇಶಿಯೊಬ್ಬನನ್ನು ಹಸಿರು ದಿಬ್ಬಕ್ಕೆ ಕರೆದೊಯ್ದು, ಇದು ಇಬ್ಬರು ಸದಸ್ಯರನ್ನು ಕಳಿಸುತ್ತದೆ ಎಂದರೆ ಅವನಿಗೆ ಹೇಗನಿಸೀತು ಎಂದು ರಸೆಲ್ ಕೇಳಿದ ಮಾತು ಓಲ್ಡ್ ಸಾರಮ್ ಕುರಿತದ್ದೇ. ಎರಡನೆಯ ವಾಚನ ಗೆದ್ದದ್ದು ಒಂದೇ ಮತದಿಂದ, 302ಕ್ಕೆ 301. ಆಮೇಲೆ ಹೊಸ ಚುನಾವಣೆ, ಮೇಲ್ಮನೆಯ ತಿರಸ್ಕಾರ, ಬ್ರಿಸ್ಟಲ್ ಮತ್ತು ನಾಟಿಂಗ್‌ಹ್ಯಾಮ್‌ನಲ್ಲಿ ದಂಗೆ. 1832ರ ಜೂನ್ 7ರಂದು ಅರಸನ ಅಂಕಿತ ಬಿತ್ತು.

ಆ ಕಾಯ್ದೆಯ 'ಎ' ಅನುಬಂಧದಲ್ಲಿ ಪೂರ್ತಿ ರದ್ದಾದ 56 ಬರೋಗಳ ಹೆಸರಿದೆ, ಮೊದಲನೆಯದು ಓಲ್ಡ್ ಸಾರಮ್. ಇಲ್ಲಿಯವರೆಗೆ ಓದಿದವರು ಆ ಪಟ್ಟಿಯನ್ನು ಹುಡುಕಿ ತೆಗೆಯಬೇಕೆಂದು ನನ್ನ ಆಸೆ. ಸಮುದ್ರ ನುಂಗಿಹಾಕಿದ ಡನ್ವಿಚ್ ಅಲ್ಲಿದೆ, ಬೆರಳೆಣಿಕೆಯ ಮನೆಗಳ ಗ್ಯಾಟನ್ ಇದೆ. ಕಾರ್ನ್‌ವಾಲಿನ ಮಿಚೆಲ್ ಕೂಡ ಇದೆ. 1807ರಲ್ಲಿ ಅದರ ಸದಸ್ಯನಾಗಿದ್ದವನು ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನಡೆಸಿದವನು. ಅವನೇ ವೆಲ್ಲಿಂಗ್ಟನ್ನಿನ ಡ್ಯೂಕನಾಗಿ, ಪ್ರಧಾನಿಯಾಗಿ, 1830ರ ನವೆಂಬರಿನಲ್ಲಿ ಈಗಿರುವ ಪ್ರಾತಿನಿಧ್ಯಕ್ಕಿಂತ ಉತ್ತಮವಾದದ್ದನ್ನು ಊಹಿಸಲಾರೆ ಎಂಬ ಧಾಟಿಯಲ್ಲಿ ಮಾತಾಡಿ ಎರಡೇ ವಾರದಲ್ಲಿ ಸರ್ಕಾರ ಕಳೆದುಕೊಂಡ. ಮೈಸೂರು ಯುದ್ಧಗಳಲ್ಲಿ, ಮದ್ರಾಸಿನ ಕಚೇರಿಗಳಲ್ಲಿ ಕೈ ತುಂಬಿಸಿಕೊಂಡು ಹೋದವರಲ್ಲಿ ಯಾರ್ಯಾರು ಈ 56 ಬರೋಗಳ ಕುರ್ಚಿ ಹಿಡಿದರು, ಅಲ್ಲಿ ಕೂತು ನಮ್ಮ ಸೀಮೆಯ ವಿಷಯ ಬಂದಾಗ ಹೇಗೆ ಮತ ಹಾಕಿದರು ಎಂಬುದನ್ನು ಇತಿಹಾಸದ ವಿದ್ಯಾರ್ಥಿಯೊಬ್ಬರು ಒಂದೊಂದೇ ಹೆಸರು ಹಿಡಿದು ಕನ್ನಡದಲ್ಲಿ ಬರೆಯಬೇಕು. ಮಿಚೆಲ್‌ನಿಂದಲೇ ಶುರುಮಾಡಬಹುದು.