ಮೂರು ಭಾಷೆಗಳ ಮೆಟ್ಟಿಲೇರುವ ಲಕ್ಸೆಂಬರ್ಗಿನ ಮಕ್ಕಳು

ಜರ್ಮನಿ, ಫ್ರಾನ್ಸ್ ಮತ್ತು ಬೆಲ್ಜಿಯಂಗಳ ನಡುವೆ ಇರುವ ಲಕ್ಸೆಂಬರ್ಗ್ ದೇಶದ ವಿಸ್ತೀರ್ಣ ಕೇವಲ 2,586 ಚದರ ಕಿಲೋಮೀಟರ್. ಜನಸಂಖ್ಯೆ ಏಳು ಲಕ್ಷದ ಆಸುಪಾಸು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಿದ ಮಗು ಒಂದು ಭಾಷೆಯಲ್ಲಿ ಆಡುತ್ತದೆ, ಎರಡನೆಯದರಲ್ಲಿ ಅಕ್ಷರ ಕಲಿಯುತ್ತದೆ, ಮೂರನೆಯದರಲ್ಲಿ ಬೀಜಗಣಿತ ಬಿಡಿಸುತ್ತದೆ.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. 1839ರಲ್ಲಿ ಫ್ರೆಂಚ್ ಮಾತನಾಡುವ ಪಶ್ಚಿಮ ಭಾಗ ಬೆಲ್ಜಿಯಂಗೆ ಸೇರಿಹೋಯಿತು. ಉಳಿದ ಭಾಗದ ಜನರ ಆಡುಮಾತು ಜರ್ಮನ್ ಬಳಗದ್ದು; ಆದರೆ ಆಡಳಿತ ನಡೆಸುತ್ತಿದ್ದವರು ಫ್ರೆಂಚನ್ನು ಕೈಬಿಡಲಿಲ್ಲ. 1843ರ ಶಾಲಾ ಕಾನೂನು ಜರ್ಮನ್ ಮತ್ತು ಫ್ರೆಂಚ್ ಎರಡನ್ನೂ ಕಡ್ಡಾಯ ಮಾಡಿತು. ಮನೆಮಾತಾದ ಲಕ್ಸೆಂಬರ್ಗಿಷ್ ಶಾಲೆಯ ಹೊಸ್ತಿಲು ದಾಟಿದ್ದು 1912ರಲ್ಲಿ. ಅದಕ್ಕೆ ರಾಷ್ಟ್ರಭಾಷೆಯ ಪಟ್ಟ ಸಿಕ್ಕಿದ್ದು 1984ರಲ್ಲಿ!

ನಾಲ್ಕನೇ ವಯಸ್ಸಿಗೆ ಶಾಲೆ ಕಡ್ಡಾಯ. ಮೂರಕ್ಕೇ ಕಳುಹಿಸುವುದು ಪೋಷಕರ ಇಚ್ಛೆ. 2009ರ ಸುಧಾರಣೆಯ ನಂತರ ಒಂದನೇ ತರಗತಿ, ಎರಡನೇ ತರಗತಿ ಎಂಬ ಲೆಕ್ಕ ಹೋಗಿ ನಾಲ್ಕು ಘಟ್ಟಗಳು ಬಂದವು. ಅಂಕಗಳ ಬದಲು ಮಗು ಏನನ್ನು ಮಾಡಬಲ್ಲದು ಎಂಬ ವರದಿ ಮನೆಗೆ ಹೋಗುತ್ತದೆ. ಶುಲ್ಕವಿಲ್ಲ, ಪಠ್ಯಪುಸ್ತಕಗಳೂ ಉಚಿತ. ಶಿಕ್ಷಕರ ಸಂಬಳ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆ. ಆದರೆ ಮೂರೂ ಭಾಷೆಗಳು ಬಾರದವರಿಗೆ ಸಾಮಾನ್ಯವಾಗಿ ಆ ಹುದ್ದೆ ಸಿಗದು.

ಶಿಶುವಿಹಾರದಲ್ಲಿ ಆಟ, ಮಾತು ಹೆಚ್ಚಾಗಿ ಲಕ್ಸೆಂಬರ್ಗಿಷ್‌ನಲ್ಲಿ. ಆರನೇ ವಯಸ್ಸಿಗೆ ಓದುಬರಹ ಆರಂಭವಾಗುವುದು ಜರ್ಮನ್‌ನಲ್ಲಿ. ಫ್ರೆಂಚ್ ಮೊದಲು ಬಾಯಿಮಾತಿನಲ್ಲಿ ಬಂದು, ಎಂಟರ ಹೊತ್ತಿಗೆ ಬರಹಕ್ಕೆ ಇಳಿಯುತ್ತದೆ. ಪ್ರಾಥಮಿಕ ಹಂತದಲ್ಲಿ ಗಣಿತ ಜರ್ಮನ್‌ನಲ್ಲಿ. ಪ್ರೌಢಶಾಲೆಗೆ ಕಾಲಿಟ್ಟೊಡನೆ ಅದೇ ಗಣಿತ ಫ್ರೆಂಚ್‌ನಲ್ಲಿ.

ಇದು ಬರೀ ಪದಗಳ ಬದಲಾವಣೆಯಲ್ಲ. 92 ಎಂಬ ಸಂಖ್ಯೆಯನ್ನೇ ನೋಡಿ. ಜರ್ಮನ್‌ನಲ್ಲಿ ಅದು ‘ಎರಡು ಮತ್ತು ತೊಂಬತ್ತು’. ಕಿವಿಗೆ ಮೊದಲು ಬೀಳುವುದು ಎರಡು. ಉಕ್ತಲೇಖನದಲ್ಲಿ ಎಳೆಯ ಕೈ 29 ಎಂದು ಬರೆದರೆ ಆಶ್ಚರ್ಯವೇನು? ಫ್ರೆಂಚ್‌ನಲ್ಲಿ ಅದೇ ಸಂಖ್ಯೆ ‘ನಾಲ್ಕು ಇಪ್ಪತ್ತು ಹನ್ನೆರಡು’. ಹನ್ನೆರಡು ವರ್ಷದ ಹುಡುಗ ಎಣಿಕೆಯನ್ನೇ ಹೊಸದಾಗಿ ಕಲಿತಂತೆ. ಆ ದೇಶದ ಗಣಿತ ಮೇಷ್ಟ್ರುಗಳ ತಾಳ್ಮೆಯನ್ನು ಮೆಚ್ಚಲೇಬೇಕು.

ಲಕ್ಸೆಂಬರ್ಗಿಷ್ ಮನೆಯ ಮಗುವಿಗೆ ಜರ್ಮನ್ ಹತ್ತಿರದ ನೆಂಟ. ನೀರಿಗೆ ಅದರಲ್ಲಿ ‘ವಸ್ಸರ್’, ಇದರಲ್ಲಿ ‘ವಾಸ್ಸರ್’. ಆದರೆ 1960ರ ದಶಕದಿಂದ ಕಟ್ಟಡ ಕೆಲಸಕ್ಕೆಂದು ಪೋರ್ಚುಗಲ್‌ನಿಂದ ಬಂದವರ ಮನೆಯಲ್ಲಿ ನೀರು ‘ಆಗ್ವ’. ಇಂದು ದೇಶದ ಜನಸಂಖ್ಯೆಯ ಸುಮಾರು ಅರ್ಧದಷ್ಟು ವಿದೇಶೀಯರು. ಅವರಲ್ಲಿ ಪೋರ್ಚುಗೀಸರೇ ಹೆಚ್ಚು. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಲಕ್ಸೆಂಬರ್ಗಿಷ್ ಮನೆಮಾತಾಗಿರುವವರು ಸುಮಾರು ಮೂರನೇ ಒಂದರಷ್ಟು ಮಾತ್ರ. ಪೋರ್ಚುಗೀಸ್ ಮಗುವಿಗೆ ಹತ್ತಿರವಾದ ಫ್ರೆಂಚ್ ತಡವಾಗಿ ಬರುತ್ತದೆ. ದೂರದ ಜರ್ಮನ್ ಮೊದಲೇ ಎದುರು ನಿಲ್ಲುತ್ತದೆ. ಲೆಕ್ಕದಲ್ಲಿ ಚುರುಕಾಗಿದ್ದರೂ ಲೆಕ್ಕದ ಪ್ರಶ್ನೆ ಅರ್ಥವಾಗದ ಸಂಕಟ ಅದರದು.

ಸುಮಾರು ಹನ್ನೆರಡನೇ ವಯಸ್ಸಿಗೆ ದಾರಿ ಕವಲೊಡೆಯುತ್ತದೆ. ಒಂದು ದಾರಿ ವಿಶ್ವವಿದ್ಯಾನಿಲಯದತ್ತ ಮುಖಮಾಡಿದ ಏಳು ವರ್ಷಗಳ ‘ಕ್ಲಾಸಿಕ್’ ಶಿಕ್ಷಣ. ಇನ್ನೊಂದು ವೃತ್ತಿಗೂ ಎಡೆಯಿರುವ ಸಾಮಾನ್ಯ ಶಿಕ್ಷಣ. ಹಿಂದುಳಿದವರಿಗೆ ಅದರೊಳಗೇ ಪೂರ್ವಸಿದ್ಧತೆಯ ವಿಭಾಗವೊಂದಿದೆ. ಶಿಕ್ಷಕರು, ಪೋಷಕರು ಕೂತು ತೀರ್ಮಾನಿಸುತ್ತಾರೆ; ಒಮ್ಮತ ಬಾರದಿದ್ದರೆ ಸಮಿತಿಯ ಮುಂದೆ ಹೋಗುತ್ತದೆ. ಕ್ಲಾಸಿಕ್ ತರಗತಿಗಳಲ್ಲಿ ಲಕ್ಸೆಂಬರ್ಗಿಷ್ ಮನೆಗಳ ಮಕ್ಕಳೂ ಪೂರ್ವಸಿದ್ಧತೆಯಲ್ಲಿ ವಲಸೆಗಾರರ ಮಕ್ಕಳೂ ಹೆಚ್ಚಾಗಿ ಕಾಣುತ್ತಾರೆ. ಇದನ್ನು ಬುದ್ಧಿಯ ವ್ಯತ್ಯಾಸ ಎನ್ನುವುದು ಅನ್ಯಾಯ.

ಸರ್ಕಾರಕ್ಕೂ ಇದು ತಿಳಿಯದ್ದೇನಲ್ಲ. 2016ರಲ್ಲಿ ಡಿಫರ್ಡಾಂಜ್ ಪಟ್ಟಣದಲ್ಲಿ, ಮೂಲಭಾಷೆಯನ್ನು ಆಯ್ದುಕೊಳ್ಳಲು ಅವಕಾಶವಿರುವ ಸರ್ಕಾರಿ ಅಂತರರಾಷ್ಟ್ರೀಯ ಶಾಲೆ ತೆರೆಯಿತು. ಅಂಥ ಶಾಲೆಗಳು ಆಮೇಲೆ ಹೆಚ್ಚಿದವು. 2022ರಲ್ಲಿ ನಾಲ್ಕು ಸಾಮಾನ್ಯ ಶಾಲೆಗಳಲ್ಲಿ ಇನ್ನೂ ಮೂಲಕ್ಕೆ ಕೈಹಾಕುವ ಪ್ರಯೋಗ ಶುರುವಾಯಿತು: ಓದುಬರಹವನ್ನು ಜರ್ಮನ್ ಬದಲು ಫ್ರೆಂಚ್‌ನಲ್ಲೂ ಆರಂಭಿಸಬಹುದು. 2026-27ರಿಂದ ಅದನ್ನು ದೇಶಕ್ಕೆಲ್ಲ ಹರಡಲು ಸರ್ಕಾರ ತೀರ್ಮಾನಿಸಿತು. ಮಕ್ಕಳು ಎರಡು ಗುಂಪಾಗಿ ಒಡೆದುಹೋದಾರು ಎಂಬ ಆತಂಕವೂ ಎದ್ದಿತು. ಅದಕ್ಕೇ ಮುಖ್ಯವಾಗಿ ಅಕ್ಷರಾಭ್ಯಾಸದ ಹೊತ್ತಿನಲ್ಲಿ ಮಕ್ಕಳು ಬೇರೆ ಬೇರೆ ಕೂರುತ್ತಾರೆ. ಉಳಿದ ಹೊತ್ತು ಒಂದೇ ಕೋಣೆಯಲ್ಲಿ ಕೂಡಿ ಕಲಿಯುತ್ತಾರೆ. ಅಲ್ಲಿ ಅವರನ್ನು ಬೆಸೆಯುವ ಮಾತು ಲಕ್ಸೆಂಬರ್ಗಿಷ್.