ಹನ್ನೆರಡು ವೋಲ್ಟಿನೊಳಗೆ ಎಷ್ಟು ಸದ್ದು?

ಕಾರಿನ ಜೊತೆಗೇ ಬರುವ ಕಂಪನಿ ಸ್ಟೀರಿಯೋದ ಮೇಲೆ ‘50 ವ್ಯಾಟ್ × 4’ ಎಂದು ಬರೆದಿರುವುದುಂಟು. ಹಾಗಿದ್ದೂ ಹೆದ್ದಾರಿಯಲ್ಲಿ ಕಿಟಕಿ ಇಳಿಸಿದರೆ ಡಗ್ಗಾದ ಪೆಟ್ಟು ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಗಾಯಕನ ದನಿ ಒಡಕಲಾಗುತ್ತದೆ. ಇನ್ನೂರು ವ್ಯಾಟ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಇರಲೇ ಇಲ್ಲ.

ಲೆಕ್ಕ ಸರಳ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಹೆಚ್ಚುಕಮ್ಮಿ 14.4 ವೋಲ್ಟ್. ಸ್ಟೀರಿಯೋದೊಳಗಿನ ಚಿಪ್ ಸ್ಪೀಕರಿನ ಎರಡೂ ತಂತಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಏರಿಳಿಸಿ ಅಷ್ಟನ್ನೂ ಬಳಸಿಕೊಂಡರೂ ಅಲೆಯ ನೆತ್ತಿ 14.4 ದಾಟದು. ಅಂಥ ಅಲೆಯ ಆರ್‌ಎಂಎಸ್ ಬೆಲೆ (ವ್ಯಾಟ್ ಲೆಕ್ಕಕ್ಕೆ ಬಳಸುವ ಸರಾಸರಿ) 10.2 ವೋಲ್ಟ್. ಅದರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 26 ವ್ಯಾಟ್. ಚಿಪ್ಪಿನೊಳಗೆ ಕಳೆದುಹೋಗುವುದನ್ನು ತೆಗೆದರೆ ಶುದ್ಧವಾಗಿ ಉಳಿಯುವುದು ಚಾನೆಲ್ಲಿಗೆ ಹದಿನೈದರಿಂದ ಇಪ್ಪತ್ತು. ಹಾಗಾದರೆ 50 ಎಲ್ಲಿಂದ ಬಂತು? ಅಲೆಯ ನೆತ್ತಿ ಪೂರ್ತಿ ಚಪ್ಪಟೆಯಾಗಿ ಚೌಕಾಕಾರಕ್ಕೆ ಬಂದಾಗ ಲೆಕ್ಕ 14.4ರ ವರ್ಗ ಭಾಗಿಸು 4, ಅಂದರೆ ಸುಮಾರು 52 ವ್ಯಾಟ್. ಆ ಅಂಕಿ ಸುಳ್ಳಲ್ಲ, ಆದರೆ ಅಷ್ಟು ವ್ಯಾಟ್ ಬರುವ ಹೊತ್ತಿಗೆ ಕೇಳಿಸುವುದು ಹಾಡಲ್ಲ.

ಪ್ರತ್ಯೇಕ ಆಂಪ್ಲಿಫೈಯರ್ ಈ ಗೋಡೆಯನ್ನು ದಾಟುವುದು ವೋಲ್ಟೇಜನ್ನೇ ಹೆಚ್ಚಿಸಿಕೊಂಡು. ಅದರೊಳಗೆ ಮಾಸ್‌ಫೆಟ್ ಸ್ವಿಚ್‌ಗಳು ಬ್ಯಾಟರಿಯ ನೇರ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ. ಆಚೆಬದಿಯಲ್ಲಿ ಮೂವತ್ತರ ಆಸುಪಾಸಿನ ಧನ ಮತ್ತು ಋಣ ವೋಲ್ಟೇಜ್ ಸಿಗುತ್ತದೆ. ಉಪಾಯ ಹೊಸದಲ್ಲ. 1930ರ ದಶಕದ ಕಾರ್ ರೇಡಿಯೋಗಳ ವಾಲ್ವುಗಳಿಗೆ ನೂರಾರು ವೋಲ್ಟ್ ಬೇಕಿತ್ತು, ಆಗಿನ ಬ್ಯಾಟರಿಯಲ್ಲಿದ್ದದ್ದು ಆರೇ. ‘ವೈಬ್ರೇಟರ್’ ಎಂಬ, ಗುಂಯ್‌ಗುಡುತ್ತ ಅದುರುವ ಲೋಹದ ಪಟ್ಟಿ ಅಂದು ಇದೇ ಕಡಿಯುವ ಕೆಲಸ ಮಾಡುತ್ತಿತ್ತು.

ಕೊಳ್ಳುವ ಮೊದಲೇ ಒಂದು ಭ್ರಮೆ ಕಳಚಿಕೊಳ್ಳುವುದು ಒಳ್ಳೆಯದು. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆಂಪ್ಲಿಫೈಯರಿನ ನಿಜವಾದ ಲಾಭ ಬೇರೆಯದು. ಸಂಗೀತದಲ್ಲಿ ಡ್ರಮ್ ಬಿದ್ದ ಕ್ಷಣಕ್ಕೆ ಸರಾಸರಿಯ ಹತ್ತು ಪಟ್ಟು ಶಕ್ತಿ ಬೇಕಾಗುವುದು ಸಾಮಾನ್ಯ. ಆ ಕ್ಷಣದಲ್ಲಿ ಅಲೆಯ ನೆತ್ತಿ ಕತ್ತರಿಸಿಹೋಗದಂತೆ ಕಾಯುವುದೇ ಅದರ ಕೆಲಸ.

ಇನ್ನು ವೈರಿಂಗ್. ಹೊರಗಡೆ ಕೊಂಡ ಸ್ಟೀರಿಯೋಗಳ ಹಿಂದೆ ಆಂಪ್ಲಿಫೈಯರಿಗೆಂದೇ ಆರ್‌ಸಿಎ ಪಿನ್‌ಗಳಿರುತ್ತವೆ. ಕಂಪನಿ ಸ್ಟೀರಿಯೋಗಳಲ್ಲಿ ಬಹುತೇಕ ಇರುವುದಿಲ್ಲ. ಸಿಗ್ನಲ್ಲನ್ನು ಸ್ಪೀಕರ್ ತಂತಿಯಿಂದಲೇ ತೆಗೆಯಬೇಕು. ಆಂಪ್ಲಿಫೈಯರಿನಲ್ಲಿ ‘ಹೈ ಲೆವೆಲ್ ಇನ್‌ಪುಟ್’ ಇದ್ದರೆ ನೇರವಾಗಿ ಅಲ್ಲಿಗೆ, ಇಲ್ಲದಿದ್ದರೆ ವೋಲ್ಟೇಜ್ ತಗ್ಗಿಸುವ ‘ಲೈನ್ ಔಟ್‌ಪುಟ್ ಕನ್ವರ್ಟರ್’ ಎಂಬ ಡಬ್ಬಿಯ ಮೂಲಕ. ಕಂಪನಿಯ ವೈರಿಂಗ್ ಕತ್ತರಿಸುವ ಬದಲು ಆಯಾ ಮಾಡೆಲಿಗೆ ಸಿಗುವ ಕಪ್ಲರ್ ಹಾಕಿಸಿದರೆ ನಾಳೆ ಬಿಚ್ಚಿ ಹಳೆಯ ಸ್ಥಿತಿಗೆ ತರಬಹುದು, ವಾರಂಟಿಯ ಜಗಳವೂ ಕಡಿಮೆ.

ಇಲ್ಲೊಂದು ಮೋಸದ ಜಾಗವಿದೆ. ಮನೆಯ ಹಳೆಯ ಸ್ಟೀರಿಯೋಗಳಲ್ಲಿ ಸ್ಪೀಕರಿನ ಕಪ್ಪು ತಂತಿ ಎಂದರೆ ಅರ್ಥ್. ಕಾರಿನಲ್ಲಿ ಹಾಗಲ್ಲ. ಚಿಪ್ ಎರಡೂ ತಂತಿಗಳನ್ನು ಕುಣಿಸುವುದರಿಂದ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಅಂದರೆ ಆರೇಳು ವೋಲ್ಟ್ ಸದಾ ನಿಂತಿರುತ್ತದೆ. ‘ಮೈನಸ್ ತಾನೇ’ ಎಂದು ಆ ಕಡೆಯ ತಂತಿಯನ್ನು ಕಾರಿನ ಬಾಡಿಗೆ ಮುಟ್ಟಿಸಿದರೆ ಚಿಪ್ ಬಾಯಿ ಮುಚ್ಚುತ್ತದೆ, ಅದೃಷ್ಟ ಕೆಟ್ಟರೆ ಸುಟ್ಟೇ ಹೋಗುತ್ತದೆ. ಇದೇ ಆರು ವೋಲ್ಟಿನಿಂದ ಒಂದು ಉಪಕಾರವೂ ಇದೆ. ಆಂಪ್ಲಿಫೈಯರ್ ಆನ್ ಆಗಲು ರಿಮೋಟ್ ತಂತಿಯಲ್ಲಿ 12 ವೋಲ್ಟ್ ಬೇಕು, ಕಂಪನಿ ಸ್ಟೀರಿಯೋದಲ್ಲಿ ಆ ತಂತಿ ಸಾಮಾನ್ಯವಾಗಿ ಇರುವುದಿಲ್ಲ. ಇತ್ತೀಚಿನ ಹಲವು ಆಂಪ್ಲಿಫೈಯರ್‌ಗಳು ಸ್ಪೀಕರ್ ತಂತಿಯಲ್ಲಿ ಆ ಆರು ವೋಲ್ಟ್ ಕಂಡೊಡನೆ ತಾವಾಗಿ ಎಚ್ಚರಗೊಳ್ಳುತ್ತವೆ.

ಪವರ್ ತಂತಿಯದು ಓಮ್‌ನ ನಿಯಮದ ಪಾಠ. ವೋಲ್ಟೇಜ್ ಕಡಿಮೆ ಇದ್ದಲ್ಲಿ ವ್ಯಾಟ್ ಬೇಕೆಂದರೆ ಕರೆಂಟ್ ಹೆಚ್ಚಾಗಲೇಬೇಕು. 400 ವ್ಯಾಟ್ ಹೊರಡಿಸುವ, ಶೇಕಡಾ 80 ದಕ್ಷತೆಯ ‘ಕ್ಲಾಸ್ ಡಿ’ ಬಗೆಯ ಆಂಪ್ಲಿಫೈಯರ್ ಬ್ಯಾಟರಿಯಿಂದ 500 ವ್ಯಾಟ್ ಎಳೆಯುತ್ತದೆ, 13.8 ವೋಲ್ಟಿನಲ್ಲಿ ಅದು 36 ಆಂಪಿಯರ್. ಮನೆಯ 230 ವೋಲ್ಟಿನಲ್ಲಿ ಇದೇ 500 ವ್ಯಾಟಿಗೆ ಎರಡು ಆಂಪಿಯರ್ ಚಿಲ್ಲರೆ ಸಾಕು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಐದು ಮೀಟರ್ 8 ಗೇಜ್ ತಾಮ್ರದ ತಂತಿ ಎಳೆದರೆ ಸುಮಾರು 0.37 ವೋಲ್ಟ್ ದಾರಿಯಲ್ಲೇ ಸೋರುತ್ತದೆ; 4 ಗೇಜ್ ಆದರೆ 0.15. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ‘ಕಿಟ್’ನ ತಂತಿ ಪೂರ್ತಿ ತಾಮ್ರವೋ, ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮೋ ಎಂದು ಕೇಳಲೇಬೇಕು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಿ ಬಣ್ಣ ಹೊಳೆದರೆ ಅಲ್ಯೂಮಿನಿಯಂ. ಅದು ಅದೇ ದಪ್ಪದ ತಾಮ್ರದಷ್ಟು ಕರೆಂಟ್ ಸಾಗಿಸದು.

ಫ್ಯೂಸ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಈ ತಂತಿಯ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು. ಎಂಜಿನ್ ಕೋಣೆಯಿಂದ ಒಳಬರುವ ಕಡೆ ತಗಡಿನ ತೂತಿಗೆ ರಬ್ಬರ್ ಬುಷ್ ಇಲ್ಲದಿದ್ದರೆ, ಅದುರಾಟಕ್ಕೆ ತಗಡಿನ ಅಂಚು ಹೊದಿಕೆಯನ್ನು ಕೊಯ್ಯುತ್ತದೆ. ತಾಮ್ರ ಬಾಡಿಗೆ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಸುತ್ತದೆ, ತಂತಿ ಕೆಂಡವಾಗುತ್ತದೆ. ಹೀಗಾಗಿ ಫ್ಯೂಸ್ ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರ್ ಒಳಗೇ ಇರಬೇಕು. ಡಿಕ್ಕಿಯಲ್ಲಿ ಹಾಕಿದ ಫ್ಯೂಸಿನಿಂದ ಈ ಅಪಾಯ ತಪ್ಪುವುದಿಲ್ಲ.

ಎಲ್ಲ ಸರಿಯಾದ ಮೇಲೂ ಕಾಡುವುದು ಒಂದು ಸಣ್ಣ ಸಿಳ್ಳು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ‘ಕುಂಯ್’ ಎಂಬ ದನಿ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಅದು ಆಲ್ಟರ್ನೇಟರಿನ ದನಿ. ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸಿನ ಎಸಿ. ಡಯೋಡ್‌ಗಳು ಅದನ್ನು ಡಿಸಿ ಮಾಡುವಾಗ ಪ್ರತಿ ಆವರ್ತಕ್ಕೆ ಆರು ಚಿಕ್ಕ ಉಬ್ಬುಗಳು ಉಳಿಯುತ್ತವೆ. ಐಡ್ಲಿಂಗಿನಲ್ಲಿ ಎಂಜಿನ್ 800 ಆರ್‌ಪಿಎಂ ಇದ್ದು, ಪುಲ್ಲಿಯ ಅನುಪಾತ ಎರಡೂವರೆ ಎಂದಿಟ್ಟುಕೊಳ್ಳಿ. ಆಲ್ಟರ್ನೇಟರ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ. ಹನ್ನೆರಡು ಧ್ರುವಗಳ ರೋಟರ್ ಆದರೆ 200 ಹರ್ಟ್ಸ್, ಆರರಿಂದ ಗುಣಿಸಿದರೆ 1,200 ಹರ್ಟ್ಸ್. ಎಂಜಿನ್ 2,000 ಆರ್‌ಪಿಎಂಗೆ ಏರಿದರೆ ಸಿಳ್ಳು 3,000 ಹರ್ಟ್ಸ್. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸರಿಯಾಗಿ ಅದರ ಆಸುಪಾಸಿನಲ್ಲೇ, ಕೆಲವೇ ಮಿಲಿವೋಲ್ಟ್ ಇದ್ದರೂ ಕೇಳಿಬಿಡುತ್ತದೆ.

ಆ ಮಿಲಿವೋಲ್ಟ್ ಒಳನುಗ್ಗುವುದು ಅರ್ಥ್‌ನಿಂದ. ಸ್ಟೀರಿಯೋದ ಅರ್ಥ್ ಡ್ಯಾಶ್‌ಬೋರ್ಡ್ ಹಿಂದೆ, ಆಂಪ್ಲಿಫೈಯರಿನದು ಡಿಕ್ಕಿಯಲ್ಲಿ. ನಡುವೆ ಹತ್ತಾರು ಆಂಪಿಯರ್ ಹೊತ್ತ ಕಾರಿನ ಬಾಡಿ. ಎರಡು ಬಿಂದುಗಳ ನಡುವೆ ತುಸು ವೋಲ್ಟೇಜ್ ಹುಟ್ಟುತ್ತದೆ, ಆರ್‌ಸಿಎ ತಂತಿಯ ಹೊರಕವಚದ ಮೂಲಕ ಅದು ಹಾಡಿನ ಜೊತೆ ಸೇರಿಕೊಳ್ಳುತ್ತದೆ. ದುಬಾರಿ ಆರ್‌ಸಿಎ ತಂತಿ ಕೊಂಡರೆ ಇದು ಹೋಗುತ್ತದೆ ಎಂಬುದು ಅಂಗಡಿಯ ಮಾತು. ಮದ್ದು ಇರುವುದು ಉಪ್ಪುಕಾಗದದಲ್ಲಿ: ಅರ್ಥ್ ಬೋಲ್ಟ್ ಕೂರುವ ಜಾಗದ ಪೇಂಟನ್ನು ಬರಿ ಲೋಹ ಕಾಣುವವರೆಗೆ ಉಜ್ಜಿ, ಗಿಡ್ಡ ದಪ್ಪ ತಂತಿಯಿಂದ ಬಿಗಿಯಬೇಕು. ಹಾಡು ಜೋರಾಗಿರುವಾಗ ಆಂಪ್ಲಿಫೈಯರಿನ ಅರ್ಥ್ ಮತ್ತು ಬ್ಯಾಟರಿಯ ಮೈನಸ್ ನಡುವೆ ಮೀಟರ್ ಹಿಡಿದು ಅರ್ಧ ವೋಲ್ಟ್ ಕಂಡರೆ ಜೋಡಣೆ ಕೆಟ್ಟಿದೆ ಎಂದೇ ಲೆಕ್ಕ. ಸ್ಪೀಕರ್ ತಂತಿಯಿಂದ ಸಿಗ್ನಲ್ ತೆಗೆದವರಿಗೆ ಈ ಕಾಟ ಕೊಂಚ ಕಡಿಮೆ: ಎರಡು ತಂತಿಗಳಲ್ಲೂ ಸಮನಾಗಿ ಸೇರಿದ ಗದ್ದಲವನ್ನು ಆಂಪ್ಲಿಫೈಯರ್ ಕಳೆದುಬಿಡುತ್ತದೆ.

ಕೊನೆಗೆ ‘ಗೇನ್’ ತಿರುಪು. ಅದು ಎರಡನೇ ವಾಲ್ಯೂಮ್ ಅಲ್ಲ, ಬರುವ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಸ್ಪೀಕರ್ ಕಳಚಿ, 1,000 ಹರ್ಟ್ಸಿನ ಪರೀಕ್ಷಾ ದನಿ ಹಾಕಿ, ಸ್ಟೀರಿಯೋವನ್ನು ಮುಕ್ಕಾಲು ವಾಲ್ಯೂಮಿಗಿಟ್ಟು, ಗೇನ್ ಏರಿಸುತ್ತ ಆಂಪ್ಲಿಫೈಯರಿನ ಔಟ್‌ಪುಟ್ಟಿನಲ್ಲಿ ಎಸಿ ವೋಲ್ಟ್ ಅಳೆಯಬೇಕು. 4 ಓಮ್‌ಗೆ 50 ವ್ಯಾಟ್ ಎಂದರೆ 14.1 ವೋಲ್ಟ್, ಅಲ್ಲಿಗೆ ನಿಲ್ಲಿಸಬೇಕು. ಮುಂದೆ ತಿರುಗಿಸಿದರೆ ಅಲೆ ಮತ್ತೆ ಚಪ್ಪಟೆಯಾಗುತ್ತದೆ, ಅದರಿಂದ ಹುಟ್ಟುವ ಹೆಚ್ಚುವರಿ ಕಂಪನಗಳು ಮೊದಲು ಸುಡುವುದು ತಾರಸ್ವರಗಳ ಪುಟ್ಟ ಸ್ಪೀಕರಾದ ಪಾಪದ ಟ್ವೀಟರನ್ನು.

ಇಷ್ಟಾದರೂ ವಾಲ್ಯೂಮ್ ಏರಿಸಿದಂತೆ ಬೇಸ್ ಸೊರಗಿದರೆ ವೈರಿಂಗನ್ನು ದೂರಬೇಡಿ. ಕಂಪನಿಯ ಚಿಕ್ಕ ಸ್ಪೀಕರುಗಳು ಹರಿಯದಿರಲೆಂದು ಎಷ್ಟೋ ಸ್ಟೀರಿಯೋಗಳು ದೊಡ್ಡ ಸದ್ದಿನಲ್ಲಿ ತಾವೇ ಬೇಸ್ ಕತ್ತರಿಸುತ್ತವೆ. ಕಳೆದದ್ದನ್ನು ಮರಳಿ ತುಂಬಲು ಡಿಎಸ್‌ಪಿ ಎಂಬ ಸಂಸ್ಕಾರಕ ಬೇಕು. ದುಬಾರಿ ಕಾರುಗಳಲ್ಲಿ ಕಷ್ಟ ಇನ್ನೂ ಒಂದು ಮೆಟ್ಟಿಲು ಮೇಲೆ. ಅಂಥ ಹಲವು ಕಾರುಗಳಲ್ಲಿ ಸ್ಟೀರಿಯೋದಿಂದ ಕಂಪನಿ ಆಂಪ್ಲಿಫೈಯರಿಗೆ ಹಾಡು ಹೋಗುವುದು ಡಿಜಿಟಲ್ ಅಂಕಿಗಳಾಗಿ, ಕೆಲವೆಡೆ ಗಾಜಿನಂಥ ಪ್ಲಾಸ್ಟಿಕ್ ಎಳೆಯಲ್ಲಿ ಬೆಳಕಾಗಿ. ಅಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಕಚ್ಚಿಸಲು ತಂತಿಯೇ ಸಿಗದು. ಕಂಪನಿ ಆಂಪ್ಲಿಫೈಯರ್ ದಾಟಿದ ಮೇಲಷ್ಟೇ ಸಿಗ್ನಲ್ ತೆಗೆಯಬಹುದು, ಅಷ್ಟರಲ್ಲಿ ಅದು ಟ್ವೀಟರಿಗೊಂದು ಪಾಲು, ಬಾಗಿಲಿನ ಸ್ಪೀಕರಿಗೊಂದು ಪಾಲಾಗಿ ಒಡೆದಿರುತ್ತದೆ. ಆ ಪಾಲುಗಳನ್ನು ಕೂಡಿಸಿದ ನಂತರವೇ ಹೊಸ ಆಂಪ್ಲಿಫೈಯರಿನ ಮಾತು.