ಜಾಲದಲ್ಲಿ ವಿಳಾಸಗಳ ಹಂಚಿಕೆ: ಗೇಣಿಯೂ ವಾಯಿದೆಯೂ

ಕೆಲವು ವರ್ಷಗಳ ಹಿಂದೆ ಒಂದು ವಾಚನಾಲಯದಲ್ಲಿ, ಹಸ್ತಪ್ರತಿಗಳ ಛಾಯಾಪ್ರತಿಗಳಿದ್ದ ಕಡತವೊಂದು ಗಣಕಯಂತ್ರದಿಂದ ಅಳಿಸಿಹೋಯಿತು. ಅದನ್ನು ಅಳಿಸಿದ ಯಂತ್ರದ ಜಾಲವಿಳಾಸವೊಂದು ಮಾತ್ರ ದಾಖಲೆಯಲ್ಲಿ ಉಳಿದಿತ್ತು. ಮರುದಿನ ಆ ವಿಳಾಸ ಒಬ್ಬ ಸಂಶೋಧನ ವಿದ್ಯಾರ್ಥಿಯ ಯಂತ್ರದಲ್ಲಿ ಕಂಡುಬಂದಿತು. ಅಪವಾದವೂ ಆತನ ಮೇಲೆಯೇ ಬಂದಿತು. ಆತನಾದರೋ ಹಿಂದಿನ ದಿನ ಊರಿನಲ್ಲಿಯೇ ಇರಲಿಲ್ಲ. ಜಾಲವಿಳಾಸವನ್ನು ಮನೆಯ ಬಾಗಿಲಿನ ಸಂಖ್ಯೆಯಂತೆ ಸ್ಥಿರವೆಂದು ಭಾವಿಸಿದ್ದೇ ಈ ಪ್ರಮಾದಕ್ಕೆ ಕಾರಣ. ರೂಟರ್ ತಾನಾಗಿ ಹಂಚುವ ವಿಳಾಸವು ಸ್ವಂತ ಆಸ್ತಿಯಲ್ಲ, ವಾಯಿದೆಯುಳ್ಳ ಗೇಣಿ. ಈ ಅಂಶವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

1981ರಲ್ಲಿ ಪ್ರಕಟವಾದ ನಿಯಮಾವಳಿಯಂತೆ ಜಾಲವಿಳಾಸವು 32 ದ್ವಿಮಾನ ಅಂಕಗಳ ಒಂದು ಸಂಖ್ಯೆ. ಇಂಥವು ಒಟ್ಟು ಸುಮಾರು 429 ಕೋಟಿ ಮಾತ್ರ. ಮೊದಮೊದಲು ಇವನ್ನು ಪ್ರತಿಯೊಂದು ಯಂತ್ರದಲ್ಲಿಯೂ ಕೈಯಾರೆ ನಮೂದಿಸಬೇಕಾಗಿತ್ತು. 1985ರಲ್ಲಿ ಬಂದ ಬೂಟ್‌ಪಿ ಎಂಬ ಪದ್ಧತಿಯಲ್ಲಿ ಯಂತ್ರವು ತನ್ನ ವಿಳಾಸವನ್ನು ತಾನೇ ಕೇಳಿ ಪಡೆಯತೊಡಗಿತು. ಆದರೆ ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಮನುಷ್ಯನೇ ಮುಂಚಿತವಾಗಿ ಬರೆದಿಡಬೇಕಾಗಿತ್ತು. 1993ರಲ್ಲಿ ರಾಲ್ಫ್ ಡ್ರೋಮ್ಸ್ ಅವರು ನಿರೂಪಿಸಿ, 1997ರಲ್ಲಿ ಪರಿಷ್ಕೃತಗೊಂಡ ಡಿ.ಎಚ್.ಸಿ.ಪಿ. ಪದ್ಧತಿಯು ಇದಕ್ಕೆ ವಾಯಿದೆಯನ್ನು ಸೇರಿಸಿತು. ಇದರಿಂದ, ಒಬ್ಬರು ಬಿಟ್ಟ ಸಂಖ್ಯೆ ಮತ್ತೊಬ್ಬರಿಗೆ ದೊರೆಯುವಂತಾಯಿತು.

ಈ ವ್ಯವಹಾರದಲ್ಲಿ ನಾಲ್ಕು ಮಾತುಗಳಿವೆ. ಹೊಸದಾಗಿ ಬಂದ ಯಂತ್ರ ‘ವಿಳಾಸ ಕೊಡುವವರು ಯಾರು?’ ಎಂದು ಇಡೀ ಜಾಲಕ್ಕೆ ಕೂಗಿ ಕೇಳುತ್ತದೆ. ರೂಟರ್ ಒಂದು ಸಂಖ್ಯೆಯನ್ನು ಮುಂದಿಡುತ್ತದೆ. ಯಂತ್ರ ಅದನ್ನೇ ತನಗೆ ಕೊಡಬೇಕೆಂದು ಬೇಡುತ್ತದೆ. ರೂಟರ್ ಒಪ್ಪಿಗೆಯನ್ನು ವಾಯಿದೆಯೊಡನೆ ತಿಳಿಸುತ್ತದೆ. ವಾಯಿದೆಯ ಅರ್ಧ ಕಳೆದೊಡನೆ ಯಂತ್ರವು ನವೀಕರಣಕ್ಕೆ ಮೊದಲಿಡುವುದು ವಾಡಿಕೆ. ನವೀಕರಣವಾಗದೆ ಅವಧಿ ತೀರಿದರೆ ಆ ವಿಳಾಸವನ್ನು ಬಿಟ್ಟುಕೊಡತಕ್ಕದ್ದು.

ಇನ್ನು ರೂಟರನ್ನು ಅಣಿಗೊಳಿಸುವ ಕ್ರಮ. ರೂಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ವಿಳಾಸ ಸಾಮಾನ್ಯವಾಗಿ ಇರುತ್ತದೆ. ಅದು 192.168.1.1 ಎಂದಿಟ್ಟುಕೊಳ್ಳೋಣ. ಬ್ರೌಸರಿನಲ್ಲಿ ಅದನ್ನು ಬರೆದು, ಗುಪ್ತಪದ ಕೊಟ್ಟು, ಸ್ಥಳೀಯ ಜಾಲದ ಪುಟದಲ್ಲಿ ಡಿ.ಎಚ್.ಸಿ.ಪಿ.ಯನ್ನು ಚಾಲನೆಗೊಳಿಸಬೇಕು. ಬಳಿಕ ಹಂಚಿಕೆಯ ಮೇರೆಯನ್ನು, ಉದಾಹರಣೆಗೆ 192.168.1.100ರಿಂದ 192.168.1.199ರವರೆಗೆ ಎಂದು, ಗೊತ್ತುಮಾಡಬೇಕು. ಮುದ್ರಣಯಂತ್ರದಂತಹವಕ್ಕೆ ಕೈಯಾರೆ ಸ್ಥಿರ ವಿಳಾಸ ಕೊಟ್ಟಿದ್ದರೆ ಅದು ಈ ಮೇರೆಯ ಹೊರಗಿರಬೇಕು. ಇಲ್ಲದಿದ್ದರೆ ಒಂದೇ ಸಂಖ್ಯೆ ಎರಡು ಯಂತ್ರಗಳಿಗೆ ಬಂದು ಎರಡರ ಕೆಲಸವೂ ಕೆಡಬಹುದು. ಅಂತೆಯೇ, ಒಂದು ಚಿಕ್ಕ ಜಾಲದಲ್ಲಿ ವಿಳಾಸ ಹಂಚುವ ರೂಟರ್ ಒಂದೇ ಇರತಕ್ಕದ್ದು. ಎರಡನೆಯದನ್ನು ಜೋಡಿಸಿದರೆ ಅದರ ಹಂಚಿಕೆಯನ್ನು ನಿಲ್ಲಿಸಬೇಕು.

ವಾಯಿದೆಯನ್ನು ಎಷ್ಟಿಡಬೇಕೆಂಬುದು ಸ್ಥಳದ ಸ್ವಭಾವವನ್ನು ಅವಲಂಬಿಸಿದೆ. ಮೇಲಿನ ಮೇರೆಯಲ್ಲಿರುವುದು 100 ವಿಳಾಸಗಳು. ವಾಚನಾಲಯಕ್ಕೆ ದಿನಕ್ಕೆ 150 ಯಂತ್ರಗಳು ಬರುತ್ತವೆ, ಆದರೆ ಏಕಕಾಲದಲ್ಲಿ 40ಕ್ಕಿಂತ ಹೆಚ್ಚು ಇರುವುದಿಲ್ಲ ಎಂದು ಭಾವಿಸೋಣ. ವಾಯಿದೆ 24 ಗಂಟೆಗಳಾದರೆ, ಹೋದವರ ಹೆಸರಿನಲ್ಲಿ ಸಂಖ್ಯೆಗಳು ಉಳಿದು, 101ನೆಯ ಯಂತ್ರಕ್ಕೆ ವಿಳಾಸವೇ ದೊರೆಯದು. ಒಂದು ಗಂಟೆಯಾದರೆ ಸಾಮಾನ್ಯವಾಗಿ ಈ ಅಭಾವ ತಲೆದೋರದು. ಬರುವ ಹೋಗುವ ಯಂತ್ರಗಳು ವಿರಳವಾಗಿರುವ ಕಚೇರಿಗೆ 24 ಗಂಟೆಗಳೇ ಸಾಕಷ್ಟು ಅನುಕೂಲ.

ಆದರೆ ವಾಯಿದೆ ಕಿರಿದಾದಷ್ಟೂ ಒಂದೇ ಸಂಖ್ಯೆ ಕೈಯಿಂದ ಕೈಗೆ ಬೇಗ ಸಾಗುವುದೂ ಸಹಜವೆ. ಆದಕಾರಣ ರೂಟರಿನ ಗಡಿಯಾರವನ್ನು ಸರಿಯಾಗಿಟ್ಟು, ಯಾವ ವಿಳಾಸ ಯಾವ ಯಂತ್ರಕ್ಕೆ ಎಂದಿನಿಂದ ಎಂದಿನವರೆಗೆ ಸಂದಿತ್ತೆಂಬ ದಾಖಲೆಯನ್ನು ಉಳಿಸಿಕೊಳ್ಳುವುದು ಅಗತ್ಯ. ಆಗಲೂ ದೊರೆಯುವುದು ಯಂತ್ರದ ಗುರುತೇ ಹೊರತು ಮನುಷ್ಯನ ಗುರುತಲ್ಲ. ಇಂದಿನ ಅನೇಕ ಮೊಬೈಲುಗಳು ಆ ಗುರುತನ್ನೂ ಮರೆಮಾಚಿ ಬೇರೊಂದನ್ನು ತೋರಿಸುತ್ತವೆ.

ತೇದಿಯಿಲ್ಲದ ಶಾಸನವನ್ನು ನಾವು ಎಷ್ಟು ಎಚ್ಚರಿಕೆಯಿಂದ ಬಳಸುತ್ತೇವೆಯೋ ವೇಳೆ ನಮೂದಿಸದ ಜಾಲವಿಳಾಸವನ್ನೂ ಅಷ್ಟೇ ಎಚ್ಚರಿಕೆಯಿಂದ ಬಳಸಬೇಕು. ಮೇಲೆ ಹೇಳಿದ ವಿದ್ಯಾರ್ಥಿಯ ಪ್ರಸಂಗದಲ್ಲಿ ಯಾರಾದರೊಬ್ಬರು ‘ಆ ವಿಳಾಸ ನಿನ್ನೆ ಯಾರದಾಗಿತ್ತು?’ ಎಂದು ಕೇಳಿದ್ದರೆ ಆತನಿಗೆ ಆ ಅಪವಾದ ತಪ್ಪುತ್ತಿತ್ತು.